ಮಣ್ಣಿನ ಪುಸ್ತಕ

ಮೊನ್ನೆ ಹಲ್ಲಿನ ಡಾಕ್ಟರ ಹತ್ತಿರ ಸರದಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿದ್ದವರೊಬ್ಬರು ಹಳೆಯ ವಾರಪತ್ರಿಕೆಯನ್ನು ತಿರುವಿಹಾಕುತ್ತಿದ್ದರು. ಪ್ರತಿ ಹಾಳೆಗೂ ತೋರುಬೆರಳನ್ನು ನಾಲಿಗೆಗೆ ಮುಟ್ಟಿಸುವುದು, ಹಾಳೆಯ ಮೂಲೆಗೆ ಒತ್ತುವುದು, ತಿರುಗಿಸುವುದು. ನೋಡಿ ನೋಡಿ ನನ್ನ ನಾಲಿಗೆ ತಾನೇ ಉರಿಯತೊಡಗಿತು. ತಡೆಯಲಾರದೆ, "ಸ್ವಾಮಿ, ಎಂಜಲು ಹಚ್ಚಬೇಡಿ" ಎಂದುಬಿಟ್ಟೆ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಯಾಕೆ, ಪತ್ರಿಕೆ ನಿಮ್ಮದಾ?" ಎಂದರು. ನನ್ನದಲ್ಲ. ಮನೆಗೆ ಬಂದು ಹೇಳಿದರೆ ನನ್ನಾಕೆ, "ನಿಮಗೆ ಊರ ಉಸಾಬರಿ ಯಾಕೆ ಅಂತೀನಿ" ಎಂದು ಒಳಗೆ ಹೋದಳು. ಅವಳಿಗೆ ಹೇಳಿ ಪ್ರಯೋಜನವಿಲ್ಲ. ನಿಮಗಾದರೂ ಹೇಳುತ್ತೇನೆ, ಕೇಳಿ.

ಒಂದು ಕಾಲಕ್ಕೆ ನಾನೂ ಹಾಗೇ ಇದ್ದವನು. ಶ್ರೀರಂಗಪಟ್ಟಣದ ತಾಲೂಕು ಕಚೇರಿಯ ಮುಂದೆ ಹೊಂಗೆ ಮರದ ಕೆಳಗೆ ಕೂತು ಬಹಳ ವರ್ಷ ಪತ್ರ ಬರೆದವನು. ಕ್ರಯಪತ್ರ, ಭಾಗಪತ್ರ, ದಾನಪತ್ರ, ತಹಸೀಲ್ದಾರರಿಗೆ ಅರ್ಜಿ, ಬೇಕಾದರೆ ಅಳಿಯನಿಗೆ ಬುದ್ಧಿ ಹೇಳುವ ಕಾಗದ, ಯಾವುದಕ್ಕೂ ಇಲ್ಲ ಎಂದವನಲ್ಲ. ಹಾಳೆ ತಿರುಗಿಸಲು ಎಂಜಲಿಲ್ಲದೆ ಆಗುತ್ತಿರಲಿಲ್ಲ. ಅಕ್ಷರದ ಬಗ್ಗೆ ನನಗೆ ಸ್ವಲ್ಪ ಜಂಬವಿತ್ತು. ಸ್ವಲ್ಪ ಎಂದು ನಾನು ಹೇಳುತ್ತಿದ್ದೇನೆ, ನನ್ನ ಜೊತೆ ಮರದ ಕೆಳಗೆ ಕೂರುತ್ತಿದ್ದವರನ್ನು ಕೇಳಿದರೆ ಬೇರೆ ಲೆಕ್ಕ ಕೊಟ್ಟಾರು. ಪಾಂಡವಪುರದ ಅಣ್ಣತಮ್ಮಂದಿರಿಬ್ಬರು ಹೊಲ, ಮನೆ, ಎಮ್ಮೆ ಎಲ್ಲವನ್ನೂ ಮಾತಿಲ್ಲದೆ ಪಾಲು ಮಾಡಿಕೊಂಡು, ಕೊನೆಗೆ ನಾನು ಬರೆದ ಭಾಗಪತ್ರದ ಅಸಲು ಯಾರ ಹತ್ತಿರ ಇರಬೇಕು ಎಂದು ಕೈ ಕೈ ಮಿಲಾಯಿಸಿದ್ದರು. ಈ ಕತೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ನಿಮಗೂ ಹೇಳಿದಂತಾಯಿತು, ಬಿಡಿ.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಆ ಮರದ ಕೆಳಗೆ ಲೂನಾ ಬಂದು ನಿಂತಿತು. ಇಳಿದವರು ಬಿಳಿ ನಿಲುವಂಗಿಯ ತುದಿಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಒಬ್ಬ ಪಾದ್ರಿಗಳು. ಪಾಂಡವಪುರದ ದಾರಿಯಲ್ಲಿ, ನಾಲೆಯ ಬದಿ, ಕಬ್ಬಿನ ಗದ್ದೆಗಳ ನಡುವೆ ಒಂದು ಕ್ರೈಸ್ತರ ಕೇರಿಯಿದೆ. ಅಲ್ಲಿನ ಸಣ್ಣ ಚರ್ಚಿಗೆ ಹೊಸದಾಗಿ ಬಂದವರು. ಕರಾವಳಿಯ ಕಡೆಯವರು, ಕನ್ನಡವನ್ನು ಅಚ್ಚಿನ ಪುಸ್ತಕದಿಂದ ಕಲಿತವರು. "ತಮ್ಮ ಕೈಬರಹ ಅತ್ಯಂತ ಸುಂದರವಾಗಿದೆ ಎಂದು ಕೇಳಿದ್ದೇನೆ. ಹಳೆಯ ಕಾಲದ ಬರವಣಿಗೆಯನ್ನು ತಾವು ಓದಬಲ್ಲಿರಾ?" ಎಂದರು. ನನ್ನನ್ನು ಜನ್ಮದಲ್ಲಿ ಯಾರೂ 'ತಾವು' ಎಂದಿರಲಿಲ್ಲ. ಆ ಒಂದು ಮಾತಿಗೇ ನಾನು ಬಿದ್ದುಹೋದೆ. "ಓದ್ತೀನಿ ಫಾದರ್, ನೂರು ವರ್ಷದ ಪತ್ರ ತನ್ನಿ, ಓದ್ತೀನಿ" ಎಂದೆ.

ವಿಷಯ ಇಷ್ಟು. ಎಲ್ಲ ಚರ್ಚುಗಳ ಹಳೆಯ ದಾಖಲೆಗಳನ್ನು ಪ್ರತಿ ಮಾಡಿ ಕಳಿಸಬೇಕು, ಈ ಸೀಮೆಯ ಚರ್ಚುಗಳ ಚರಿತ್ರೆಗೆ ಅವು ಬೇಕು ಎಂದು ಮೇಲಿನವರಿಂದ ಕಾಗದ ಬಂದಿತ್ತಂತೆ. ಜ್ಞಾನಸ್ನಾನದ ಪುಸ್ತಕ, ಮದುವೆಯ ಪುಸ್ತಕ ಎಲ್ಲ ಲ್ಯಾಟಿನ್ನಿನಲ್ಲಿದ್ದವು, ಅವನ್ನು ಫಾದರ್ ತಾವೇ ನೋಡಿಕೊಂಡಿದ್ದರು. ಉಳಿದದ್ದು ಒಂದೇ ಪುಸ್ತಕ. ಹಿಂದಿನ ಕಾಲದ ಒಬ್ಬ ಉಪದೇಶಿ, ಅಂದರೆ ಕೇರಿಯ ಜನಕ್ಕೆ ಜಪ ಹೇಳಿಕೊಟ್ಟು ಗುರುಗಳ ಕೆಲಸಕ್ಕೆ ಒದಗುತ್ತಿದ್ದವರು, ಸತ್ತವರ ವಿವರವನ್ನೆಲ್ಲ ಕನ್ನಡದಲ್ಲಿ ಬರೆದಿಟ್ಟ ದಪ್ಪ ಪುಸ್ತಕ. ಜೆರಾಕ್ಸ್ ಮಾಡಿಸೋಣವೆಂದು ಬಸ್ ನಿಲ್ದಾಣದ ಅಂಗಡಿಗೆ ಒಯ್ದರೆ, ಎರಡು ಹಾಳೆ ಪುಡಿಯಾಗಿ, ಮೂರನೆಯದು ಪೂರಾ ಕಪ್ಪಾಗಿ ಬಂದಿತ್ತು. ಕೈಯಲ್ಲೇ ಬರೆಯಬೇಕಿತ್ತು.

ಕೇರಿಯವರು ಅದನ್ನು ಮಣ್ಣಿನ ಪುಸ್ತಕ ಎನ್ನುತ್ತಿದ್ದರು. ನಮ್ಮ ಕಡೆ ಹೂಳುವುದಕ್ಕೆ ಮಣ್ಣು ಮಾಡುವುದು ಎನ್ನುತ್ತೇವಲ್ಲ, ಹಾಗೆ. ಯಾರನ್ನು ಎಂದು ಮಣ್ಣು ಮಾಡಿದರು, ಎಲ್ಲಿ ಮಾಡಿದರು ಎಂಬುದೆಲ್ಲ ಅದರಲ್ಲಿತ್ತು. ಚರ್ಚಿಗೂ ಅವರು ಗುಡಿ ಎಂದೇ ಹೇಳುತ್ತಿದ್ದರು. ಮೊದಲ ದಿನ ನಾನು ಬಸ್ಸಿಳಿದು "ಚರ್ಚು ಎಲ್ಲಿ?" ಎಂದು ಕೇಳಿದಾಗ, ಕಬ್ಬಿನ ಗಾಡಿಯ ಮೇಲೆ ಕೂತಿದ್ದವನೊಬ್ಬ, "ಗುಡೀನಾ? ಅಗೋ ಆ ತೆಂಗಿನ್ ಮರದ್ ತಾವ. ಯಾರ್ ಸತ್ತವ್ರೆ?" ಎಂದು ಕೇಳಿದ್ದ. ನನ್ನ ಮುಖವೇ ಹಾಗಿದೆಯೋ ಏನೋ.

ಆ ಪುಸ್ತಕ ನನ್ನನ್ನು ಹಿಡಿದು ಕೂರಿಸಿಬಿಟ್ಟಿತು. ಜೀವಮಾನವಿಡೀ 'ಚೆಕ್ಕುಬಂದಿ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ' ಎಂದು ಬರೆದವನು ನಾನು. ಉಪದೇಶಿಗಳು ಸತ್ತವರಿಗೂ ಚೆಕ್ಕುಬಂದಿ ಬರೆದಿದ್ದರು! ಕಲ್ಲು ನೆಡಿಸುವ ಶಕ್ತಿ ಆ ಕೇರಿಯಲ್ಲಿ ಎಷ್ಟು ಜನಕ್ಕಿತ್ತು? ಬರೀ ಮಣ್ಣಿನ ಗುಡ್ಡೆ, ಮೇಲೊಂದು ಕಡ್ಡಿಯ ಶಿಲುಬೆ. ಎರಡು ಮಳೆಗಾಲಕ್ಕೆ ಶಿಲುಬೆ ಹೋಯಿತು, ನಾಲ್ಕಕ್ಕೆ ಗುಡ್ಡೆ ಸವೆಯಿತು. ಅದಕ್ಕೇ ಆತ 'ಪೂರ್ವದ ಬೇಲಿಯಿಂದ ನಾಲ್ಕು ಮಾರು, ಕುಂಟ ಇನ್ನಾಸಪ್ಪನ ಎಡಕ್ಕೆ, ದೊಡ್ಡ ಮರಿಯಮ್ಮನ ಕಾಲ ಕೆಳಗೆ' ಎಂದು ಅಳೆದು ಬರೆಯುತ್ತಿದ್ದರು. ಒಬ್ಬರನ್ನು ಹುಡುಕಬೇಕಾದರೆ ಇನ್ನೊಬ್ಬರನ್ನು ಕೇಳಿಕೊಂಡು ಹೋಗಬೇಕು, ಬದುಕಿದ್ದವರ ಬೀದಿಯಲ್ಲಿ ಹೋದ ಹಾಗೆಯೇ.

ಕೆಲವು ಹೆಸರುಗಳ ಮುಂದೆ ಒಂದೊಂದು ಮಾತು ಬೇರೆ. 'ಬಾಯಿ ಜೋರು. ಮನಸ್ಸು ಬೆಣ್ಣೆ.' 'ಈತನ ಹೋರಿ ಮೂರು ದಿನ ಮೇವು ಮುಟ್ಟಲಿಲ್ಲ.' 'ನನಗೆ ಇವನಿಂದ ಬಹಳ ಕಿರುಕುಳ. ಆದರೂ ಅಳು ಬಂತು.' ಮೇಲಿನವರು ಕೇಳಿದ್ದು ಹೆಸರು, ವಯಸ್ಸು, ತಾರೀಖು ಮಾತ್ರ. ಈ ಮಾತುಗಳನ್ನು ಬಿಡಲೇ ಎಂದು ಫಾದರನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಹೋರಿಯನ್ನು ಬಿಡಬೇಡಿ" ಎಂದರು. ಅಂದಿನಿಂದ ನನಗೂ ಅವರಿಗೂ ಗೆಳೆತನವಾಯಿತು.

ಎಂಜಲಿನ ಕತೆ ಆಗಿದ್ದು ಇಲ್ಲೇ. ಮೊದಲ ವಾರ, ನನ್ನ ಅಭ್ಯಾಸದಂತೆ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಹಾಳೆ ತಿರುಗಿಸುತ್ತ ಹತ್ತಿಪ್ಪತ್ತು ಹೆಸರು ಬರೆದಿರಬೇಕು. ನಾಲಿಗೆ ಚುರುಗುಟ್ಟಿತು. ಆಮೇಲೆ ಉರಿ, ಆಮೇಲೆ ತುಟಿಯೆಲ್ಲ ಮರಗಟ್ಟಿತು. ಪುಸ್ತಕಕ್ಕೆ ಹುಳ ಹಿಡಿಯದಿರಲೆಂದು ಯಾರೋ ಪುಣ್ಯಾತ್ಮರು ಹಾಳೆ ಹಾಳೆಗೂ ಗದ್ದೆಗೆ ಎರಚುವ ಔಷಧಿ ಪುಡಿ ಉದುರಿಸಿದ್ದರಂತೆ! ನಾನು ಬಾವಿಕಟ್ಟೆಗೆ ಓಡಿ ಬಾಯಿ ಮುಕ್ಕಳಿಸುತ್ತ, ಈ ಪುಸ್ತಕದ ಕೊನೆಯ ಹೆಸರು ನನ್ನದೇ ಆಗುತ್ತದೆ ಎಂದು ಗಟ್ಟಿಯಾಗಿ ನಂಬಿದ್ದೆ. ಅಲ್ಲೇ ಬಟ್ಟೆ ಸೆಣೆಯುತ್ತಿದ್ದ ಒಬ್ಬ ಮುದುಕಿ ಎದ್ದು ಬಂದು, ನನ್ನ ಗದ್ದ ಹಿಡಿದು ಬಾಯಿ ತೆರೆಸಿ ನೋಡಿ, "ಏನೂ ಆಗಕಿಲ್ಲ ಬುಡಪ್ಪ. ಮಜ್ಗೆ ಕೊಡ್ತೀನಿ ಕುಡಿ. ಸಾಯೋರ್ ಇಷ್ಟೊಂದ್ ಕಿರ್ಚಕಿಲ್ಲ" ಎಂದಳು. ಲೂರ್ದಮ್ಮ ನನಗೆ ಪರಿಚಯವಾದದ್ದು ಹೀಗೆ.

ಮಜ್ಜಿಗೆ ಕುಡಿಸಿದ ಮೇಲೆ ಅವಳು ನನ್ನ ಎದುರು ಬಾವಿಕಟ್ಟೆಯ ಮೇಲೆ ಕೂತು, "ಮಣ್ಣಿನ್ ಪುಸ್ತ್ಕ ಬರೀತಾ ಇರೋನು ನೀನೇಯಾ?" ಎಂದಳು. ಹೌದೆಂದೆ. "ನನ್ ಕೂಸು ಬಂತಾ?"

ಅವಳ ಮೊದಲ ಮಗು. ಗಂಡು, ತಾತನ ಹೆಸರು ಚೌರಪ್ಪ ಎಂದೇ ಇಟ್ಟಿದ್ದರು. ಎಂಟು ತಿಂಗಳಿಗೆ ಚಳಿಜ್ವರದಲ್ಲಿ ಹೋಯಿತು. ನಾಲೆಗೆ ನೀರು ಬಿಟ್ಟ ಹೊಸತು, ಕೇರಿಗೆಲ್ಲ ಆ ಜ್ವರ. ಇವಳಿಗೂ ಅದೇ ಜ್ವರ, ಮೂರು ದಿನ ಮೈಮೇಲೆ ಪ್ರಜ್ಞೆಯಿಲ್ಲ. ಕಣ್ಣು ಬಿಟ್ಟಾಗ ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿಯಾಗಿತ್ತು. ಗಂಡನೂ ಉಪದೇಶಿಗಳೂ ಹೋಗಿ ಮಣ್ಣು ಮಾಡಿ ಬಂದಿದ್ದರು.

"ನಿನ್ ಗಂಡನ್ ಕೇಳಿದ್ರೆ ತೋರಿಸ್ತಿರಲಿಲ್ವಾ ಅಜ್ಜಿ?" ಎಂದೆ.

"ತೋರ್ಸ್ದ ಕಣಪ್ಪ. ಒಂದ್ ವರ್ಸ ಇದು ಅಂದ. ಮುಂದುಲ್ ವರ್ಸ ಅದು ಅಂದ. ಅಳ್ತಾ ಅಳ್ತಾ ಅಗ್ದೋನ್ಗೆ ಏನ್ ಗ್ಯಾನ ಇದ್ದಾತು? ಆಮೇಕೆ ಅವ್ನೂ ಓಗ್ಬುಟ್ಟ. ಉಪದೇಸಿ ಮಾತ್ರ ನನ್ಗೆ ಯೋಳಿದ್ದ, ಬರ್ದಿವ್ನಿ ಕಣವ್ವ, ಪುಸ್ತ್ಕದಲ್ಲಿ ಐತೆ, ಎಲ್ಲೂ ಓಗಕಿಲ್ಲ ಅಂತ."

ಬಂದು ಹೋದ ಗುರುಗಳನ್ನೆಲ್ಲ ಅವಳು ಕೇಳಿದ್ದಳು. ಆ ಮೋಡಿಯ ಅಕ್ಷರ ಯಾರಿಗೂ ಬಿಡಿಸಲಾಗಿರಲಿಲ್ಲ. ಕೇರಿಯ ಮಸಣದ ಪೂರ್ವಕ್ಕೆ ಮಕ್ಕಳದೇ ಒಂದು ಸಾಲು. ಇಪ್ಪತ್ತೈದೋ ಮೂವತ್ತೋ ಸಣ್ಣ ಗುಡ್ಡೆಗಳು. ನವೆಂಬರ್ ಎರಡು ಸತ್ತವರನ್ನು ನೆನೆಯುವ ದಿನ. ಅವರವರ ಮನೆಯವರು ಅವರವರ ಗುಡ್ಡೆಗೆ ಹೊಸ ಮಣ್ಣು ಹಾಕಿ, ಚೆಂಡುಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತಾರೆ. ತನ್ನದು ಯಾವುದೆಂದು ಗೊತ್ತಿಲ್ಲದ ಲೂರ್ದಮ್ಮ ಅಷ್ಟಕ್ಕೂ ಒಂದೊಂದು ಹಿಡಿ ಮಣ್ಣು ಹಾಕಿ ಬತ್ತಿ ಹಚ್ಚುತ್ತಿದ್ದಳು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಐವತ್ತು ದಾಟಿತ್ತು.

"ಈಗ ಮಂಡಿ ಬಗ್ಗಕಿಲ್ಲ ಕಣಪ್ಪ. ಓದ್ ವರ್ಸ ಅರ್ಧಕ್ಕೇ ಕೂತ್ಬುಟ್ಟೆ. ಉಳ್ದಿದ್ದಕ್ಕೆ ಅಚ್ಲಿಲ್ಲ. ಉಳ್ದಿದ್ರಲ್ಲೇ ನಂದು ಇದ್ದಿದ್ರೆ? ವರ್ಸವೆಲ್ಲ ಅದೇ ಆಗೋಯ್ತು ನನ್ಗೆ. ಯಾವ್ದು ಅಂತ ಒಂದ್ ಯೋಳ್ಬುಡು. ಒಂದೇ ಒಂದ್ ಬತ್ತಿ ಅಚ್ಚಿ, ಒಟ್ಟೆ ತುಂಬ ಅದ್ರ ಮುಂದೆ ಕೂತಿದ್ದು ಬತ್ತೀನಿ."

ಹಾಗಾದರೆ ನಡುವಿನ ಹಾಳೆ ತೆರೆದು ನೋಡಿಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಪುಸ್ತಕವನ್ನು ನಡುವೆ ತೆರೆದರೆ ಬೆನ್ನು ಮುರಿದು ಹಾಳೆಗಳು ತರಗಿನಂತೆ ಉದುರುತ್ತಿದ್ದವು. ಮುಂದಿನಿಂದ ಒಂದೊಂದೇ ಹಾಳೆ ಬಿಡಿಸಿ, ಬರೆದು, ಪಕ್ಕಕ್ಕಿಟ್ಟು ಹೋಗಬೇಕು. ಅದು ನಿಜವಾದ ಕಾರಣ. ಇನ್ನೊಂದು ಕಾರಣ ನನ್ನ ಸ್ವಭಾವ. ಕ್ರಮ ತಪ್ಪಿದರೆ ನನಗೆ ಊಟ ಸೇರುವುದಿಲ್ಲ.

ಶನಿವಾರ ಭಾನುವಾರ ನಾನು ಹೋದಾಗಲೆಲ್ಲ ಅವಳು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. "ಬಂತಾ?" "ಇನ್ನೂ ಇಲ್ಲ ಅಜ್ಜಿ." "ಬತ್ತದೆ ಬುಡು. ಎಲ್ಲೋದಾತು." ಒಂದು ಸಲ 'ಚೌರಪ್ಪ, ಎಂಟು' ಎಂದು ಕಂಡು ನಾನು ಪೆನ್ನು ಬಿಸಾಕಿ ಅವಳ ಮನೆಗೇ ಓಡಿದೆ. ಅವಳು ಕೈತೊಳೆದುಕೊಂಡು, ಸೆರಗು ಹೊದ್ದು, ದೇವರ ಮುಂದೆ ಬರುವಂತೆ ಬರವಣಿಗೆಯ ಕೋಣೆಗೆ ಬಂದು ಕೂತಳು. ಮುಂದೆ ಓದಿದರೆ ಎಂಟು ತಿಂಗಳಲ್ಲ, ಎಂಟು ವರ್ಷ. ಕೆರೆಗೆ ಬಿದ್ದು ಹೋದ ಹುಡುಗ. ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಅವಳು, "ಓ, ಅದು ಮೂಲೆಮನೆ ಚೌರಿ. ಈಜು ಬರ್ತಿತ್ತು ಪಾಪ" ಎಂದು ಅವನಿಗಾಗಿಯೂ ಒಂದಿಷ್ಟು ಅತ್ತು, ಎದ್ದುಹೋದಳು.

ಅಕ್ಟೋಬರ್ ಬಂತು. ಪುಸ್ತಕದಲ್ಲಿ ಇನ್ನೂ ಕಾಲುಭಾಗ ಉಳಿದಿತ್ತು. ನಾಲೆಗೆ ನೀರು ಬಿಟ್ಟ ವರ್ಷ ಆಗಷ್ಟೇ ಶುರುವಾಗಿತ್ತು. ಫಾದರ್ ಹತ್ತು ದಿನ ಧ್ಯಾನಕ್ಕೆಂದು ಹೊರಟರು, ಬರವಣಿಗೆಯ ಕೋಣೆಗೆ ಬೀಗ ಬೀಳುತ್ತಿತ್ತು. ಪುಸ್ತಕ ಕೋಣೆಯಿಂದ ಆಚೆ ಹೋಗಕೂಡದು ಎನ್ನುವುದು ಅವರ ಒಂದೇ ಒಂದು ಕಟ್ಟಳೆ. ನಾನು ಅವರನ್ನು ಪೀಡಿಸಿದೆ. "ನವೆಂಬರ್ ಎರಡರೊಳಗೆ ಆ ಮುದುಕಿಗೆ ಹೇಳ್ಬೇಕು ಫಾದರ್. ಮನೇಲಿ ರಾತ್ರಿ ಹಗಲು ಕೂತು ಮುಗಿಸ್ತೀನಿ." ಅವರು ಪುಸ್ತಕವನ್ನು ಹೊಸ ಪಂಚೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. "ಇದು ತಮ್ಮ ಜವಾಬ್ದಾರಿ" ಎಂದರು.

ಮನೆಯಲ್ಲಿ ಆಗ ನಾನೂ ನಮ್ಮವ್ವನೂ ಇಬ್ಬರೇ. ನನ್ನಾಕೆ ಮಕ್ಕಳನ್ನು ಕಟ್ಟಿಕೊಂಡು ದಸರೆಗೆ ತವರುಮನೆ ಕೆ.ಆರ್. ಪೇಟೆಗೆ ಹೋಗಿದ್ದಳು. ಅವ್ವ ನಾಗಮಂಗಲ ತಾಲೂಕಿನ ಹೊಣಕೆರೆ ಕಡೆಯವಳು, ಅಪ್ಪ ಹೋದ ಮೇಲೆ ನನ್ನ ಜೊತೆ ಪಟ್ಟಣಕ್ಕೆ ಬಂದವಳು. ಓದು ಬಾರದು, ಆದರೆ ಬರೆದ ಕಾಗದವೆಂದರೆ ಅವಳಿಗೆ ದೇವರು. ಕಾಲಿಗೆ ತಾಗಿದರೆ ಬಸ್ ಟಿಕೆಟ್ಟನ್ನೂ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಆಯುಧಪೂಜೆಗೆ ಪತ್ರ ಬರೆಯುವವರ ಮನೆಯಲ್ಲಿ ಏನಿಡುತ್ತಾರೆ? ಪೆನ್ನು, ಮಸಿಕುಡಿಕೆ, ಸ್ಕೇಲು, ಛಾಪಾಕಾಗದ. ಅವ್ವ ಎಲ್ಲದಕ್ಕೂ ಕುಂಕುಮ ಇಟ್ಟಳು. ಮಣ್ಣಿನ ಪುಸ್ತಕಕ್ಕೂ ಇಟ್ಟಳು, ಅದರ ರಟ್ಟಿನ ಮೇಲಿನ ಶಿಲುಬೆಗೆ ಒಂದು ಸೇವಂತಿಗೆ ಮುಡಿಸಿದಳು. ನಾನು ನೋಡಿ ನಕ್ಕೆ. ನಗುವ ಬದಲು ಅದೇನು ಪುಸ್ತಕ, ಎಷ್ಟು ಉಳಿದಿದೆ, ಯಾಕೆ ಬೇಕು ಎಂದು ಅವಳಿಗೆ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಹೆಂಗಸರಿಗೆ ಇದೆಲ್ಲ ಯಾಕೆ ಎನ್ನುವ ದೊಡ್ಡಸ್ತಿಕೆ.

ವಿಜಯದಶಮಿಯ ಮಾರನೆಯ ದಿನ ಕಚೇರಿ ಮುಗಿಸಿ ಮನೆಗೆ ಬಂದು ಮೇಜಿನ ಮುಂದೆ ಕೂತೆ. ನಾನು ಪ್ರತಿ ಇಳಿಸುತ್ತಿದ್ದ ಹೊಸ ಪುಸ್ತಕ ಇತ್ತು. ಹಳೆಯದು ಇರಲಿಲ್ಲ.

"ಅವ್ವಾ, ಇಲ್ಲಿದ್ದ ಪುಸ್ತಕ ಎಲ್ಲಿ?"

"ಒಳೆಗೆ ಬುಟ್ಟೆ ಕಣ್ಲಾ" ಎಂದಳು ಅವ್ವ, ಅಡುಗೆಮನೆಯಿಂದಲೇ. "ಪೂಜೆ ಹೂವು, ಓದ್ ವರ್ಸದ ದ್ಯಾವ್ರ ಪಟ ಎಲ್ಲ ತಕ್ಕೊಂಡೋಗ್ತಿದ್ನಲ್ಲ, ಅದ್ನೂ ತಕ್ಕೊಂಡೋದೆ. ಮುಟ್ಟಿದ್ರೆ ಪುಡಿ ಪುಡಿ ಉದುರ್ತಿತ್ತು. ನೀನು ಎಲ್ಲಾನೂವೆ ಒಸಾ ಪುಸ್ತ್ಕಕ್ಕೆ ಇಳ್ಸಿದ್ದೀಯಲ್ಲ. ಅಂತಾ ದ್ಯಾವ್ರ ಪುಸ್ತ್ಕ ಮನೇಲಿ ಜೀರ್ಣ ಆಗ್ಬಾರ್ದು ಕಣಪ್ಪ. ಅರಿಶಿಣದ್ ಬಟ್ಟೇಲಿ ಸುತ್ತಿ, ಕೈ ಮುಗ್ದು ಬುಟ್ಟೆ."

ಒಡೆದ ವಿಗ್ರಹ, ಹರಿದ ಪಟ, ಹಳೆಯ ಪಂಚಾಂಗ ಇವನ್ನೆಲ್ಲ ಕಾವೇರಿಗೆ ಬಿಡುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಅವಳು ಮಾಡಿದ್ದರಲ್ಲಿ ಯಾವ ತಪ್ಪು ಹೇಳಲಿ? ನಾನು ಚಪ್ಪಲಿ ಕೂಡ ಮೆಟ್ಟದೆ ಸ್ನಾನಘಟ್ಟಕ್ಕೆ ಓಡಿದೆ. ಪ್ಯಾಂಟು ಶರಟಿನಲ್ಲೇ ನೀರಿಗಿಳಿದೆ. ಕುದುರೆಯ ಮೈ ತೊಳೆಯುತ್ತಿದ್ದ ಜಟಕಾ ಸಾಬರೊಬ್ಬರು, "ಯಾ ಅಲ್ಲಾ, ಏನ್ ಸಾಬ್, ಏನ್ ಬಿತ್ತು? ಉಂಗುರಾನಾ?" ಎಂದು ಕುದುರೆಯನ್ನು ಬಿಟ್ಟು ನನ್ನ ಜೊತೆ ಹುಡುಕಿದರು. ಕಲ್ಲುಸಂದಿಯಲ್ಲಿ ಅರಿಶಿಣದ ಬಟ್ಟೆ ಸಿಕ್ಕಿತು. ಬಿಚ್ಚಿದರೆ ರಟ್ಟು, ಅದಕ್ಕಂಟಿದ ಒಂದು ಮುದ್ದೆ ಕಾಗದ. ಮಸಿಯೆಲ್ಲ ಬಿಟ್ಟುಕೊಂಡು ನೀರು ನೀಲಿಯಾಗಿತ್ತು. ಹಾಳೆ ಬಿಡಿಸಲು ಹೋದರೆ ಬೆರಳಿಗೆ ಮೆತ್ತಿಕೊಂಡಿತು. ಆ ಮೆಟ್ಟಿಲ ಮೇಲೆ ಕೂತು, ನಲವತ್ತರ ಹತ್ತಿರದ ಗಂಡಸು ನಾನು, ಅತ್ತುಬಿಟ್ಟೆ. ಸಾಬರು ನನ್ನ ಬೆನ್ನು ಸವರಿ, ಕುದುರೆಯತ್ತ ಹೋದರು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಕೂಗಾಡಿದೆನೆಂದೇ ಹೇಳಬೇಕು. ನನ್ನ ತಪ್ಪನ್ನು ಮುಚ್ಚಿಕೊಳ್ಳಲು ಎಷ್ಟು ದನಿ ಬೇಕೋ ಅಷ್ಟೂ ಎತ್ತಿದೆ. ಅವ್ವ ಸಾರಿನ ಸೌಟು ಹಿಡಿದು ನಿಂತೇ ಇದ್ದಳು. ಲೂರ್ದಮ್ಮನ ಕೂಸಿನ ವಿಷಯ ಬಂದಾಗ ಅವಳು ಒಲೆಯ ಕಟ್ಟೆ ಹಿಡಿದುಕೊಂಡು ಕೂತಳು. "ಅವ್ಳ ಕೂಸು ಎಲ್ಲೈತೆ ಅಂತ ಅದ್ರಲ್ಲಿ ಇತ್ತಾ?" ಎಂದು ಕೇಳಿದಳು. ಹೌದೆಂದೆ. ಅವಳು ಆ ದಿನ ಊಟ ಮಾಡಲಿಲ್ಲ.

ಫಾದರ್ ಬಂದ ದಿನವೇ ಹೋದೆ. ಅವ್ವ, "ನಾನೂ ಬತ್ತೀನಿ. ಮಾಡಿದ್ದು ನಾನು" ಎಂದು ಹಟ ಹಿಡಿದು ಬಂದಳು. ಫಾದರ್ ರಟ್ಟನ್ನು ಕೈಗೆ ತೆಗೆದುಕೊಂಡು ಅದರ ಮೇಲಿನ ಶಿಲುಬೆಯನ್ನು ಹೆಬ್ಬೆರಳಿನಿಂದ ಒರೆಸಿದರು. ಅವ್ವನ ಮುಖ ನೋಡಿದರು. ಕೊನೆಗೆ, "ಹಳೆಯ ಪ್ರತಿ ಜೀರ್ಣವಾಗಿ ಹೋಯಿತು ಎಂದು ಬರೆಯುತ್ತೇನೆ. ಅದು ಸುಳ್ಳಲ್ಲ" ಎಂದರು. ನನ್ನ ಕಡೆ ತಿರುಗಿ, "ಆದರೆ ಆ ತಾಯಿಗೆ ನೀವೇ ಹೇಳಬೇಕು" ಎಂದರು. 'ತಾವು' ಹೋಗಿ 'ನೀವು' ಆಗಿತ್ತು. ಅದಕ್ಕೆ ನಾನು ಅರ್ಹನೇ ಆಗಿದ್ದೆ.

ಲೂರ್ದಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕಂಡದ್ದೇ ಮೊರ ಪಕ್ಕಕ್ಕಿಟ್ಟು, "ಬಂತಾ?" ಎಂದಳು.

ಹೇಳಿದೆ. ಹೇಗೆ ಹೇಳಿದೆನೋ ಈಗ ನೆನಪಿಲ್ಲ. ಅವಳು ಕೇಳಿ ಮುಗಿಸಿ, ಮಡಿಲಲ್ಲಿದ್ದ ಸಿಪ್ಪೆಯನ್ನು ಒಂದೊಂದೇ ತೆಗೆದು ನೆಲಕ್ಕೆ ಹಾಕಿದಳು. "ಅಂಗಾರೆ ಇನ್ ಸಿಕ್ಕಕಿಲ್ಲ" ಎಂದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವ್ವ ಮುಂದೆ ಹೋಗಿ ಅವಳ ಕಾಲು ಹಿಡಿದಳು. "ನಾನು ಕಣಕ್ಕ ನೀರ್ಗೆ ಬುಟ್ಟಿದ್ದು. ಓದಕ್ ಬರ್ದ ಮುಂಡೆ ನಾನು. ದ್ಯಾವ್ರ ಪುಸ್ತ್ಕ ಅನ್ಕಂಡೆ."

ಲೂರ್ದಮ್ಮ ಕಾಲೆಳೆದುಕೊಂಡು, ಅವ್ವನ ರಟ್ಟೆ ಹಿಡಿದು ಎತ್ತಿ, ಪಕ್ಕದಲ್ಲಿ ಕೂರಿಸಿಕೊಂಡಳು. "ತಿಪ್ಪೆಗೇನ್ ಎಸ್ದಿಲ್ವಲ್ಲ ತಾಯಿ. ಕೈ ಮುಗ್ದು ಗಂಗಮ್ಮನ್ ಮಡ್ಲಿಗೆ ಆಕಿದ್ದೀಯ. ಅಳ್ಬ್ಯಾಡ" ಎಂದಳು. ಹಾಗೆಂದವಳೇ ತಾನು ಅಳತೊಡಗಿದಳು. ಆ ಇಬ್ಬರು ಹೆಂಗಸರು ಅವರೆಕಾಯಿಯ ರಾಶಿಯ ಮುಂದೆ ಕೂತು ಅಳುತ್ತಿದ್ದರೆ, ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ಅವ್ವ ಮೊರವನ್ನು ಹತ್ತಿರಕ್ಕೆಳೆದುಕೊಂಡು ಕಾಯಿ ಸುಲಿಯುತ್ತಿದ್ದಾಳೆ.

ಹೊರಡುವಾಗ ಅವ್ವ ಕೇಳಿದಳು, "ಅಕ್ಕಾ, ಬತ್ತಿ ಅಚ್ಚಾದು ಯಾವತ್ತು?"

ನವೆಂಬರ್ ಎರಡರ ಮಧ್ಯಾಹ್ನ ನಾವಿಬ್ಬರೂ ಹೋದೆವು. ಪೂಜೆ ಮುಗಿದು ಫಾದರ್ ಗುಡ್ಡೆಗಳ ಮೇಲೆಲ್ಲ ಮಂತ್ರಿಸಿದ ನೀರು ಚಿಮುಕಿಸಿ ಹೋಗಿದ್ದರು. ಕೇರಿಯ ಜನ ತಮ್ಮ ತಮ್ಮವರ ಮುಂದೆ ಕೂತಿದ್ದರು. ದೂರದ ಸಕ್ಕರೆ ಕಾರ್ಖಾನೆ ಕಡೆಗೆ ಕೆಲಸಕ್ಕೆ ಹೋದವರೂ ಬಸ್ಸು ಹಿಡಿದು ಬಂದಿದ್ದರು. ಮಕ್ಕಳ ಸಾಲಿನ ಮುಂದೆ ಮಾತ್ರ ಹೆಚ್ಚು ಜನವಿರಲಿಲ್ಲ. ಅಷ್ಟು ಸಣ್ಣವರನ್ನು ನೆನೆಯುವವರು ಹೆತ್ತವರಷ್ಟೇ ತಾನೇ? ಹೆತ್ತವರೇ ಹೋದ ಮೇಲೆ ಯಾರು ಬಂದಾರು? ಲೂರ್ದಮ್ಮ ಒಂದು ಕಲ್ಲಿನ ಮೇಲೆ ಕೂತು, ಮಡಿಲಲ್ಲಿದ್ದ ಬತ್ತಿಗಳನ್ನು ಒಂದೊಂದಾಗಿ ಅವ್ವನಿಗೆ ಕೊಡುತ್ತ ಹೋದಳು. ಅವ್ವ ಬಗ್ಗಿ ಬಗ್ಗಿ ಹಚ್ಚುತ್ತ ಹೋದಳು. ನಾನು ಬೆಂಕಿಪೆಟ್ಟಿಗೆ ಹಿಡಿದು ಹಿಂದೆ. ಗೌಡರ ಮನೆಯ ಹೆಂಗಸು ಇಲ್ಲೇನು ಮಾಡುತ್ತಿದ್ದಾಳೆ ಎಂದು ಒಂದಿಬ್ಬರು ತಿರುಗಿ ನೋಡಿದರು. ಮತ್ತೆ ತಮ್ಮ ಬತ್ತಿಗಳ ಕಡೆ ತಿರುಗಿದರು.

ಸಾಲಿನ ಕೊನೆ ಮುಟ್ಟಿದೆವು. ಲೂರ್ದಮ್ಮ, "ಮುಗೀತಲ್ಲ ತಾಯಿ. ಪುಣ್ಯ ಕಟ್ಕಂಡೆ ನೀನು" ಎಂದಳು. ಅವ್ವ ಏಳಲಿಲ್ಲ. ನಾನು, "ಏಳವ್ವ, ಬಸ್ಸಿಗೆ ಹೊತ್ತಾಯ್ತು" ಎಂದೆ.

"ಅಕ್ಕಾ, ಇನ್ನೊಂದ್ ಬತ್ತಿ ಐತಾ?" ಎಂದಳು ಅವ್ವ.

"ಐತೆ. ಯಾರ್ಗೆ?"

ಅವ್ವ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತ ಹೇಳಿದಳು. "ಇವ್ನಿಗಿಂತ ಮೊದ್ಲು ನಂಗೊಂದ್ ಎಣ್ಣಿತ್ತು. ಅನ್ನೊಂದ್ ದಿನ. ಎಸ್ರೂ ಇಟ್ಟಿರ್ಲಿಲ್ಲ. ನಮ್ಮೂರ್ ಕೆರೆ ಏರಿ ಕೆಳ್ಗೆ ಎಲ್ಲೋ ಮಣ್ ಮಾಡ್ಬುಟ್ಟು ಬಂದ್ರು. ಬಾಣಂತಿ ಬರ್ಬಾರ್ದು ಅಂದ್ರು. ಆಮೇಕೆ ಎಲ್ಲಿ ಅಂತ ಕೇಳಿದ್ರೆ, ಅದ್ನೆಲ್ಲ ಕೇಳ್ಬಾರ್ದು ಅಂದ್ರು. ನಮ್ದು ಪುಸ್ತ್ಕದಲ್ಲೂ ಬರ್ಯಕಿಲ್ಲ ಕಣಕ್ಕ."

ಊರಿನವರ ವಂಶವೃಕ್ಷಗಳನ್ನೆಲ್ಲ ಬರೆದುಕೊಟ್ಟವನು ನಾನು. ಯಾರಿಗೆ ಎಷ್ಟು ಮಕ್ಕಳು, ಯಾವುದು ಹಿರಿಯದು, ಯಾವುದು ತೀರಿಕೊಂಡದ್ದು, ಎಲ್ಲ ವಿಚಾರಿಸಿ ಬರೆಯುತ್ತಿದ್ದವನು. ನಮ್ಮವ್ವನನ್ನು ಒಂದು ದಿನ ಕೇಳಿರಲಿಲ್ಲ. ಅಷ್ಟು ವರ್ಷ ನಾನೇ ಮೊದಲನೆಯವನೆಂದು ತಿಳಿದಿದ್ದೆ.

ಲೂರ್ದಮ್ಮ ಮಡಿಲು ತಡಕಿ ಒಂದು ಬತ್ತಿ ತೆಗೆದು ಅವ್ವನ ಕೈಗಿಟ್ಟಳು.

"ಎಲ್ಲಿ ಅಚ್ಲಕ್ಕ?" ಎಂದಳು ಅವ್ವ. ದಾರಿ ಕೇಳುವ ಮಗುವಿನ ದನಿ ಅದು.

"ಎಲ್ಲಾರ ಅಚ್ಚು ತಾಯಿ. ಐವತ್ ವರ್ಸದಿಂದ ನಾನೂ ಅಂಗೇಯ ಅಚ್ತಾ ಇರಾದು. ಬೆಳಕು ಕಂಡ್ರೆ ಅವೇ ಬತ್ತವೆ."

ಅವ್ವ ಅಂಗೈಯಲ್ಲಿ ಒಂದಿಷ್ಟು ಮಣ್ಣು ಒಟ್ಟುಗೂಡಿಸಿ, ತಟ್ಟಿ, ಅದರಲ್ಲಿ ಬತ್ತಿಯನ್ನು ನೆಟ್ಟಳು. ನಾಲೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಕಡ್ಡಿ ಗೀರಿದರೆ ಆರಿತು. ಇನ್ನೊಂದು ಗೀರಿದರೆ ಅದೂ ಆರಿತು. ಮೂರನೆಯ ಕಡ್ಡಿಗೆ ನಾನು ಮಂಡಿಯೂರಿ ಕೂತು, ಬತ್ತಿ ಹತ್ತಿಕೊಳ್ಳುವವರೆಗೂ ಎರಡೂ ಕೈ ಅಡ್ಡ ಹಿಡಿದೆ. ನಮ್ಮಕ್ಕನಿಗೆ ನಾನು ಮಾಡಿದ ಮೊದಲ ಕೆಲಸ ಅದು.